ಮಾವನವರ ಬಲ್ಬು

ನಮ್ಮ ಮಾವನವರು ಬಹಳ ಬುದ್ಧಿವಂತರೆಂದು ರಾಯಚೂರಿನಲ್ಲಿ ಹೆಸರಿತ್ತು. ಅವರ ಜೊತೆ ಒಂದೇ ಮನೆಯಲ್ಲಿ ಬಾಳದವರು ಕೊಟ್ಟ ಹೆಸರು ಅದು. ಕಚೇರಿಯಲ್ಲಿ ಸಾಹೇಬರ ಮುಂದೆ ಕೈಕಟ್ಟಿ ನಿಂತು ಉರ್ದು ಅರ್ಜಿಗಳನ್ನು ಓದಿ ಹೇಳುವುದು ಅವರ ಕೆಲಸ. ಮನೆಗೆ ಬಂದರೆ ತಾವೇ ಸಾಹೇಬರು, ನಾವೆಲ್ಲ ಅರ್ಜಿದಾರರು.

ನಾನು ಮಾನ್ವಿಯಿಂದ ಸೊಸೆಯಾಗಿ ಬಂದ ಮರುವರ್ಷ ನಮ್ಮ ಓಣಿಗೆ ಕರೆಂಟು ಬಂತು. ನಲವತ್ತರ ದಶಕದ ನಡುವಿನ ಮಾತು. ಓಣಿಯಲ್ಲಿ ಮೊದಲು ಹಾಕಿಸಿಕೊಂಡವರು ಮಾವನವರು. ಪಡಸಾಲೆಗೊಂದು ಬಲ್ಬು, ಅವರು ಮಲಗುವ ಕೋಣೆಗೊಂದು. ಅಡುಗೆಮನೆಗೆ ಬೇಡವೇ ಎಂದು ಅತ್ತೆ ಕೇಳಿದರೆ, "ನಿಮಗ ಒಲಿ ಬೆಳಕು ಸಾಲ್ತದ" ಎಂದರು.

ಅದೇ ವಾರ ಮನೆಯ ಕಂದೀಲುಗಳನ್ನೆಲ್ಲ ಕಚೇರಿಯ ಜವಾನರಿಗೆ ಹಂಚಿಬಿಟ್ಟರು. ಕಟ್ಟೆಯ ಮೇಲೆ ಕುಳಿತು, ಓಣಿಯ ಮಂದಿ ನೋಡುವಂತೆ ಒಬ್ಬೊಬ್ಬರನ್ನೇ ಕರೆದು ಕೊಟ್ಟರು. ಅತ್ತೆ ಬಾಗಿಲ ಮರೆಯಿಂದ, "ಒಂದರೆ ಇಟ್ಕೋರಿ. ಮಳಿಗಾಲ ಬರಾಕತ್ತದ" ಎಂದರು.

"ಮಳಿಗೂ ಕರೆಂಟಿಗೂ ಏನ್ ಸಂಬಂಧ?" ಎಂದು ಮಾವ ನಕ್ಕರು. "ಕರೆಂಟು ತಂತಿ ಒಳಗ ಬರ್ತದ. ತೊಯ್ಯಾಕ ಅದೇನು ನಿನ್ನ ಸೀರಿ ಏನು?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅಂಥ ಮಾತಿಗೇ ಅವರನ್ನು ಬುದ್ಧಿವಂತರೆನ್ನುತ್ತಿದ್ದರು.

ಮಾನ್ವಿಯ ನನ್ನ ತವರಲ್ಲಿ ಯಾರೂ ಬುದ್ಧಿವಂತರಿರಲಿಲ್ಲ. ಆದ್ದರಿಂದ ಬೇಸಿಗೆ ಮುಗಿಯುವ ಮೊದಲೇ ನಮ್ಮವ್ವ ಕತ್ತೆಗಳ ಮೇಲೆ ಸವಳು ಮಣ್ಣು ತರಿಸಿ ಮಾಳಿಗೆಯ ಮೇಲೆ ಹರವಿಸುತ್ತಿದ್ದಳು. ಆ ಬೂದುಬಣ್ಣದ ಮಣ್ಣು ಒಂದು ಮಳೆಗೆ ಗಟ್ಟಿಯಾಗಿ ಕುಳಿತರೆ ಮಣ್ಣಿನ ಮಾಳಿಗೆ ಸೋರುವುದಿಲ್ಲ. ಒಣ ಕಟ್ಟಿಗೆ ಮನೆಯೊಳಗೆ ಬರುತ್ತಿತ್ತು. ಕಂದೀಲಿನ ಗಾಜು ಬೂದಿಯಲ್ಲಿ ಉಜ್ಜಿಸಿಕೊಂಡು ಫಳಫಳ ಹೊಳೆಯುತ್ತಿತ್ತು. ಇದನ್ನೆಲ್ಲ ಹೇಳಿ, ನಮ್ಮ ಮಾಳಿಗೆಗೂ ಸವಳು ಹಾಕಿಸೋಣವೇ ಎಂದು ಅತ್ತೆಯ ಮೂಲಕ ಕೇಳಿಸಿದೆ. ಆಳುಗಳು ಮೇಲೆ ತಿರುಗಾಡಿದರೆ ವಯರು ಸಡಿಲಾಗುತ್ತದೆ, ಹಳ್ಳಿಯ ಚಾಳಿ ಹಳ್ಳಿಯಲ್ಲೇ ಇರಲಿ ಎಂದು ಉತ್ತರ ಬಂತು. ಮಾನ್ವಿ ಅವರ ಲೆಕ್ಕಕ್ಕೆ ಹಳ್ಳಿ.

ರೋಹಿಣಿ ಮಳೆಯ ದಿನಗಳಲ್ಲಿ ನಾದಿನಿಯನ್ನು ನೋಡಲು ದೇವದುರ್ಗದಿಂದ ಗಂಡಿನ ಕಡೆಯವರು ಬರುವುದೆಂದಾಯಿತು. ಹುಡುಗನ ತಾಯಿ, ಸೋದರಮಾವ, ಮತ್ತೊಬ್ಬ ಹಿರಿಯರು. ಮಧ್ಯಾಹ್ನವೇ ಬರುತ್ತೇವೆಂದವರಿಗೆ, ದೀಪ ಹಚ್ಚುವ ಹೊತ್ತಿಗೇ ಬರಬೇಕೆಂದು ಮಾವನವರು ಹೇಳಿ ಕಳಿಸಿದ್ದರು. ಅವರಿಗೆ ಮಗಳಿಗಿಂತ ಬಲ್ಬು ತೋರಿಸುವುದಿತ್ತು.

ಬಂದವರನ್ನು ಚಾಪೆಯ ಮೇಲೆ ಕೂಡಿಸಿ, ತಾವು ಕುರ್ಚಿಯಲ್ಲಿ ಕುಳಿತು ಬಲ್ಬು ಹಚ್ಚಿದರು, ಆರಿಸಿದರು, ಮತ್ತೆ ಹಚ್ಚಿದರು. ಹುಡುಗನ ತಾಯಿ, ಗಟ್ಟಿ ದನಿಯ ಎತ್ತರದ ಹೆಂಗಸು, ಸ್ವಲ್ಪ ಹೊತ್ತು ನೋಡಿ, "ಹುಡುಗೀನ ಕರೀರಿ" ಎಂದಳು.

ನಾದಿನಿ ಬಂದು ಕೂಡುವಷ್ಟರಲ್ಲಿ ಪಡುವಣದಿಂದ ಕೆಂಪು ಧೂಳಿನ ಗಾಳಿ ಎದ್ದಿತು. ಕಿಟಕಿಗಳು ಬಡಿದುಕೊಂಡವು. ಹೊರಗೆ ಎಲ್ಲಿಯೋ ಮರ ಮುರಿದ ಸದ್ದು, ಅದರ ಹಿಂದೆಯೇ ಬಲ್ಬು ಆರಿತು. ಮಾವನವರು ಗುಂಡಿಯನ್ನು ಟಕ್ ಟಕ್ ಎಂದು ಒತ್ತಿದರು. "ಈಗ ಬರ್ತದ, ಈಗ ಬರ್ತದ" ಎಂದರು. ಬಂದದ್ದು ಮಳೆ, ಆಲಿಕಲ್ಲಿನ ಜೊತೆ.

ಮೊದಲು ಗೋಡೆಯ ಮೂಲೆಯಲ್ಲಿ ಹನಿಯಿತು. ಆಮೇಲೆ ಅತಿಥಿಗಳ ತಲೆಯ ಮೇಲೇ ಕೆಸರು ನೀರು ಇಳಿಯತೊಡಗಿತು. ಅವರು ಎದ್ದು ಗೋಡೆಗೆ ಒತ್ತಿ ನಿಂತರು. ಆಗ ಮಾವನವರು ಮಾಡಿದ್ದನ್ನು ನನ್ನ ಕಣ್ಣಿಂದ ನೋಡಿದ್ದೇನೆ: ಮೂಲೆಯಲ್ಲಿದ್ದ ಕೊಡೆ ತೆಗೆದು ಬಿಚ್ಚಿ, ತಮ್ಮೊಬ್ಬರ ತಲೆಗೆ ಹಿಡಿದುಕೊಂಡು, ಮತ್ತೆ ಕುರ್ಚಿಯಲ್ಲಿ ಕುಳಿತರು.

"ಬೆಳಕರೆ ತರ್ರಿ!" ಎಂದು ದೇವದುರ್ಗದಾಕೆ ಕೂಗಿದಳು.

"ನಾಳಿ ಮುಂಜಾನಿ ಬಿಜಲಿಯವರ ಮ್ಯಾಲ ಅರ್ಜಿ ಕೊಡ್ತೀನಿ" ಎಂದು ಕೊಡೆಯ ಕೆಳಗಿನಿಂದ ಉತ್ತರ ಬಂತು.

ನನ್ನ ಗಂಡ ಆ ದಿನ ಕಲ್ಲೂರಿಗೆ ಹೋಗಿದ್ದರು. ಅತ್ತೆ ಹಿತ್ತಲ ಗೋಡೆಯ ಹತ್ತಿರ ಓಡಿ, ಪಕ್ಕದ ಮನೆಯ ಬಟ್ಟೆ ವ್ಯಾಪಾರಿಯ ಹೆಂಡತಿಯನ್ನು ಕೂಗಿದರು. ಆಕೆ ತಲೆಯ ಮೇಲೆ ಗೋಣಿಚೀಲ ಹೊದ್ದು ಬಂದು ಗೋಡೆಯ ಮೇಲಿಂದ ನನ್ನ ಕೈಗೆ ಕಂದೀಲು ಚಾಚಿದಳು. "ಲೇವ್ ಬೇಟಿ, ಹುಷಾರ್. ನಿಮ್ಮ ಅಡಗಿಮನಿ ಗ್ವಾಡಿ ಉಬ್ಬಾಕತ್ತದ, ಒಳಗ ಯಾರೂ ಹೋಗಬ್ಯಾಡ್ರಿ" ಎಂದಳು.

ಮಾಳಿಗೆಯ ನೀರು ಬೀಳುವ ದೋಣಿಯಲ್ಲಿ ಬೇವಿನೆಲೆ ಕಟ್ಟಿಕೊಂಡಿರಬೇಕೆಂದು ನನಗೆ ಹೊಳೆಯಿತು. ಸೀರೆ ಕಚ್ಚೆ ಹಾಕಿ ನಿಚ್ಚಣಿಕೆ ಏರಿದೆ. ನೋಡಿಸಿಕೊಳ್ಳಲು ಶೃಂಗಾರವಾಗಿದ್ದ ನಾದಿನಿ, ಹೂ ಮುಡಿದ ತಲೆಯಲ್ಲೇ ಮಳೆಗೆ ಬಂದು ನಿಚ್ಚಣಿಕೆ ಹಿಡಿದು ನಿಂತಳು. ಮೇಲೆ ಪಾದ ಮುಳುಗುವಷ್ಟು ನೀರು. ಆಲಿಕಲ್ಲು ಬೆನ್ನಿಗೆ ಬಡಿಯುತ್ತಿತ್ತು. ಕೈ ಹಾಕಿ ಎಲೆ, ಕಸ, ಸತ್ತ ಗುಬ್ಬಿ ಎಳೆದು ಹಾಕಿದೆ. ನೀರು ಧೋ ಎಂದು ಹಿತ್ತಲಿಗೆ ಬಿತ್ತು. ಅಷ್ಟರಲ್ಲಿ ಅಡುಗೆಮನೆಯ ಹಿಂಗೋಡೆ ಕುಸಿಯಿತು. ಅತಿಥಿಗಳಿಗೆಂದು ಮಾಡಿದ್ದ ಹೋಳಿಗೆ, ಸಾರು, ಎಲ್ಲ ಮಣ್ಣಿನಡಿಗೆ ಹೋದವು. ಪಕ್ಕದ ಮನೆಯಾಕೆಯ ಮಾತಿನಿಂದ ಒಳಗೆ ಯಾರೂ ಇರಲಿಲ್ಲ.

ಮಳೆ ನಿಂತ ಮೇಲೆ ದೇವದುರ್ಗದವರು ಹೊರಟರು. ಹುಡುಗನ ತಾಯಿ ತೊಯ್ದು ನಿಂತಿದ್ದ ನಾದಿನಿಯ ಗಲ್ಲ ಮುಟ್ಟಿ, ಮಾವನವರ ಕಡೆ ತಿರುಗಿದಳು. "ಹುಡುಗಿ ಛಲೋ ಅದಾಳ್ರಿ. ಆದ್ರ ನಿಮ್ಮ ಜೋಡಿ ಬೀಗತನ ನಮ್ಮ ಕೈಲಿ ಆಗೂದಿಲ್ಲ" ಎಂದಳು.

ಮಾವನವರಿಗೆ ಅದೂ ತಾಗಲಿಲ್ಲ. "ಹಳ್ಳಿ ಮಂದಿ. ಕರೆಂಟು ಕಂಡವರಲ್ಲ" ಎಂದರು. ನಾದಿನಿ ಮುಡಿದಿದ್ದ ಹೂ ಕಿತ್ತು ಹಿತ್ತಲ ಕೆಸರಿಗೆ ಎಸೆದಳು. ಮುಂದೆ ಅವಳನ್ನು ನಮ್ಮ ಮಾನ್ವಿಗೇ ಕೊಟ್ಟರು. ಒಳ್ಳೆಯ ಜನ ಸಿಕ್ಕರು.

ಮರುವರ್ಷ ಅತ್ತೆ ಮತ್ತು ನಾನು ಅವರನ್ನು ಕೇಳಲೇ ಇಲ್ಲ. ಅವರು ಕಚೇರಿಗೆ ಹೋದ ಹೊತ್ತಿನಲ್ಲಿ ಕತ್ತೆಯವರನ್ನು ಕರೆಸಿ ಸವಳು ಹಾಕಿಸಿದೆವು, ದೋಣಿ ಬಿಡಿಸಿದೆವು, ಹೊಸ ಕಂದೀಲು ಕೊಂಡು ಎಣ್ಣೆ ತುಂಬಿಸಿಟ್ಟೆವು. ಸಂಜೆ ಬಂದ ಮಾವನವರು ಮಾಳಿಗೆಯ ಕಡೆ ಒಮ್ಮೆ ನೋಡಿದರು. ಕಟ್ಟೆಗೆ ಹೋಗಿ, "ಈ ಸಲ ಬಂದೋಬಸ್ತ್ ಮಾಡಿಸೀನಿ. ಮೊದಲಽ ವಿಚಾರ ಮಾಡಬೇಕಾಗ್ತದ" ಎಂದು ಹೇಳತೊಡಗಿದರು. ಮಂದಿ ತಲೆದೂಗಿದರು. ಅವರು ಇರುವ ತನಕ ಆ ಮಾತು ನಿಲ್ಲಲಿಲ್ಲ, ಮಂದಿ ತಲೆದೂಗುವುದೂ ನಿಲ್ಲಲಿಲ್ಲ. ಅದು ಶುರುವಾದರೆ, ಬಾಗಿಲ ಹಿಂದೆ ಕುಳಿತಿದ್ದ ನಾನು ಚಹಾದ ನೆವ ಹೇಳಿ ಎದ್ದು ಒಳಗೆ ಹೋಗುತ್ತಿದ್ದೆ.