ಚಾದರ ಮಡಚುತ್ತಾ ಕಲಿತ ಭಾಷಣ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಬಿದ್ದ ಅಡ್ಡಹೆಸರು ಪಿಸುಮಾತಿ. ಹತ್ತೊಂಬತ್ತು ವರ್ಷ ದುಡಿದರೂ ಅವಳ ದನಿ ಯಂತ್ರದ ಸದ್ದು ದಾಟಿ ಯಾರ ಕಿವಿಗೂ ಬಿದ್ದದ್ದಿಲ್ಲ. ಅಂಥವಳು, ಇಸ್ತ್ರಿ ಯಂತ್ರದೊಳಗೆ ಕೈ ಹೋಗದಂತೆ ತಡೆಯುವ ಅಡ್ಡಕಂಬಿ ಮುರಿದು ಅಲ್ಲೇ ದುಡಿಯುವ ತನ್ನ ತಂಗಿಯ ಅಂಗೈ ಬೆಂದ ದಿನ, ತಿಂಗಳ ಸಭೆಯಲ್ಲಿ ತಾನೇ ಮಾತಾಡುತ್ತೇನೆ ಎಂದುಬಿಟ್ಟಳು. ಹೊಸ ಕಂಬಿ ಬರುವವರೆಗೆ ಯಂತ್ರ ನಿಲ್ಲಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

ಮಾತು ಕಲಿಸಿದವಳು ಜೊತೆಯಲ್ಲಿ ಕೆಲಸ ಮಾಡುವ ದೊಡ್ಡಕ್ಕ. ಒಣಗಿದ ಚಾದರದ ಎರಡು ತುದಿ ಒಬ್ಬಳು, ಎರಡು ತುದಿ ಇನ್ನೊಬ್ಬಳು ಹಿಡಿದು ಮಡಚುವುದು ಅಲ್ಲಿನ ಪದ್ಧತಿ. ಒಂದು ಮಡಿಕೆಗೆ ಒಂದು ವಾಕ್ಯ. ಕೊನೆಯ ಪದ ನುಂಗಿದರೆ ದೊಡ್ಡಕ್ಕ ಚಾದರ ಜಗ್ಗುತ್ತಿದ್ದಳು. ಮೂರು ವಾರದಲ್ಲಿ ಭಾಷಣ ಬಾಯಿಪಾಠವಾಯಿತು. ಮ್ಯಾನೇಜರಿಗೆ ಸೋಪಿನ ಚೀಲ ಎಣಿಸಲು ಮಾತ್ರ ಕೆಳಗಿಳಿಯುವ ಪುರಸೊತ್ತು ಎಂಬ ತಮಾಷೆಯೂ ಅದರಲ್ಲಿತ್ತು. ದೊಡ್ಡಕ್ಕ ಅದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಸಭೆಯಲ್ಲಿ ಮ್ಯಾನೇಜರೇ ಮೊದಲು ಎದ್ದರು. "ಸೋಪಿನ ಚೀಲ ಎಣಿಸೋಕೆ ಮಾತ್ರ ನಾನು ಕೆಳಗೆ ಬರ್ತೀನಂತೆ," ಎಂದು ತಾವೇ ನಕ್ಕರು. ಆಮೇಲೆ ಅವಳ ಒಂದೊಂದು ವಾಕ್ಯವನ್ನೂ ಅದೇ ಸಾಲಿನಲ್ಲಿ ಎತ್ತಿಕೊಂಡು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಉತ್ತರ ಕೊಟ್ಟರು. ಯಂತ್ರ ನಿಂತರೆ ರೋಗಿಗಳಿಗೆ ಚಾದರ ಎಲ್ಲಿಂದ ಬರಬೇಕು ಎಂದಾಗ ಜನ ತಲೆಯಾಡಿಸಿದರು. ಕಡೆಯಲ್ಲಿ, ನಾಳೆಯಿಂದ ದೊಡ್ಡಕ್ಕ ಮೇಲ್ವಿಚಾರಕಿ ಎಂದು ಸಾರಿದರು.

ಆ ತಮಾಷೆಯನ್ನು ಪಿಸುಮಾತಿ ದೊಡ್ಡಕ್ಕನನ್ನು ಬಿಟ್ಟು ಬೇರೆ ಯಾರ ಮುಂದೂ ಆಡಿರಲಿಲ್ಲ. ಜೊತೆಗಿದ್ದೇ ಕತ್ತು ಕೊಯ್ದಳಲ್ಲ ಎಂದು ಮೈಯೆಲ್ಲ ಉರಿಯಿತು. ಹೇಳಲು ಒಂದು ವಾಕ್ಯವೂ ಉಳಿದಿರಲಿಲ್ಲ, ಆದರೂ ಎದ್ದಳು.

"ಕಲ್ತು ಬಂದಿದ್ದನ್ನೆಲ್ಲ ಸಾಹೇಬ್ರೇ ಹೇಳಿಬಿಟ್ರು. ನನ್ನ ತಂಗಿಗೆ ಈಗ ಮಗಳಿಗೆ ಜಡೆ ಹಾಕೋಕೂ ಆಗ್ತಿಲ್ಲ. ನಾಳೆ ಆ ಯಂತ್ರದ ಮುಂದೆ ಯಾರು ನಿಲ್ತೀರಿ? ಕೈ ಎತ್ತಿ."

ದನಿ ಹಿಂದಿನ ಬೆಂಚಿನವರೆಗೂ ಮುಟ್ಟಿತು. ಒಂದು ಕೈಯೂ ಏಳಲಿಲ್ಲ, ಹೊಸ ಮೇಲ್ವಿಚಾರಕಿಯದೂ. ಮ್ಯಾನೇಜರ್ ಗಡಿಯಾರ ನೋಡಿದರು, ಕಾಗದ ನೋಡಿದರು, ಕೊನೆಗೆ ಕಂಬಿ ಬರುವವರೆಗೆ ಯಂತ್ರ ನಿಲ್ಲಲಿ ಎಂದು ಗೊಣಗಿದರು.

ಹೊರಗೆ ದೊಡ್ಡಕ್ಕ ಅವಳ ತೋಳು ಹಿಡಿದುಕೊಂಡಳು. ಮೊಣಕಾಲು ಸೋತಿದೆ, ಕೂತು ಮಾಡುವ ಕೆಲಸ ಬೇಕಿತ್ತು ಎಂದಳು. "ಆದ್ರೂ ಎಷ್ಟು ಚೆನ್ನಾಗಿ ಮಾತಾಡ್ದೆ. ನಾನು ಕಲಿಸಿದ್ದು ದಂಡ ಆಗ್ಲಿಲ್ಲ."

ಪಿಸುಮಾತಿ ತೋಳು ಬಿಡಿಸಿಕೊಂಡಳು.

"ನೀನೇ ಕಲಿಸಿದ್ದು, ಇಲ್ಲ ಅನ್ನಲ್ಲ. ಇನ್ಮೇಲೆ ನನ್ನ ಹತ್ರ ಮಾತಾಡ್ಬೇಡ," ಎಂದಳು. ಗೇಟು ದಾಟುವಷ್ಟರಲ್ಲಿ ಅಳು ಬಂತು.