ಇಂಜಿನ್ನಿಗೆ ಸುತ್ತಿದ ಕಂಬಳಿ

ಮೊನ್ನೆ ಹಿರಿಯೂರಿಗೆ ಹೋದಾಗ ರತ್ನಳ ಮನೆಯ ಪಡಸಾಲೆಯಲ್ಲಿ ಆ ಹಳೆಯ ಮೊಪೆಡ್ ಕಂಡಿತು. ಟಯರಿನಲ್ಲಿ ಗಾಳಿ ಇಲ್ಲ, ಸೀಟು ಇಲಿಗಳ ಪಾಲಾಗಿದೆ. ಬಗ್ಗಿ ಮೂಸಿದರೆ ಇಂಜಿನ್ನಿನಲ್ಲಿ ಮಾತ್ರ ಇನ್ನೂ ಸುಟ್ಟ ಎಣ್ಣೆಯ ವಾಸನೆ. ಗಾಡಿಯನ್ನು ಮೂಸುವವನನ್ನು ಕಂಡು ನೀವು ನಗಬಹುದು. ನಗಿ, ಪರವಾಗಿಲ್ಲ. ಇದರ ಒಡೆಯ, ರತ್ನಳ ಅಪ್ಪ, ನನ್ನ ಸೋದರಮಾವ ಜುಂಜಪ್ಪ ಇದರ ಜೊತೆ ಮಾತನ್ನೇ ಆಡುತ್ತಿದ್ದ.

ಮಾವ ತುರುವನೂರು ಕಡೆಯ ಕುರಿಗಾಹಿ. ನಡೆಯಲಾರದ ಮರಿಗಳನ್ನು ಹೊತ್ತು ಹೊತ್ತು ಸಾಕಾಗಿ ಮೊಪೆಡ್ ತಂದಿದ್ದ. ತೆಂಗಿನಕಾಯಿ ಗಾತ್ರದ ಇಂಜಿನ್. ಅದಕ್ಕೆ ನೀರು ಬೇಡ, ಫ್ಯಾನು ಬೇಡ. ಮೈತುಂಬ ತೆಳ್ಳನೆಯ ರೆಕ್ಕೆಗಳು. ಓಡುವಾಗ ಅವುಗಳ ನಡುವೆ ಹಾಯುವ ಗಾಳಿಯೇ ಅದನ್ನು ತಣ್ಣಗಿಡಬೇಕು. ಗುಡ್ಡದ ಮೇಲೆಲ್ಲ ಗಾಳಿಯಂತ್ರ ತಿರುಗುವ ನಮ್ಮ ದುರ್ಗದ ಸೀಮೆಯಲ್ಲಿ ಗಾಳಿಗೇನು ಬರವೇ? ಮಾವ, ಅತ್ತೆ, ಹಿಂಡಿ ಮೂಟೆ, ಮೇಲೊಂದು ಮರಿ, ಎಲ್ಲವನ್ನೂ ಹೊತ್ತು ಗೊಣಗುತ್ತಲೇ ಏರು ಹತ್ತುತ್ತಿತ್ತು. ಇಷ್ಟು ಕಡಿಮೆ ತಿಂದು ಅಷ್ಟು ದುಡಿಯುವ ಜೀವವನ್ನು ನಮ್ಮ ವಂಶದಲ್ಲಂತೂ ನಾನು ಕಂಡಿಲ್ಲ.

ಮಾವನಿಗೆ ಅದೂ ಒಂದು ಕುರಿಯೇ. ಚಳಿಯಲ್ಲಿ ಹುಟ್ಟಿದ ಮರಿಗೆ ಕಂಬಳಿ ಸುತ್ತುವುದು ಅವರ ಮನೆಯ ರೂಢಿ. ಒಂದು ವರ್ಷ ಕುಳಿರ್ಗಾಳಿ ಜೋರಾದಾಗ ಇಂಜಿನ್ನಿಗೂ ಕಂಬಳಿ ತುಂಡು ಸುತ್ತಿ ಹುರಿಯಿಂದ ಬಿಗಿದ.

“ಎದೆಗೆ ಗಾಳಿ ತಾಗಿದ್ರೆ ನೆಗಡಿ ಆಗ್ತೈತಲೇ,” ಎಂದ.

ಮರುದಿನವೇ ರತ್ನ ದುರ್ಗದಲ್ಲಿ ನರ್ಸಿಂಗ್ ಓದಲು ಸೇರಬೇಕಿತ್ತು. ಅದೇ ಕಡೆಯ ದಿನ. ಮಧ್ಯಾಹ್ನದೊಳಗೆ ಹೋಗದಿದ್ದರೆ ಸೀಟು ಬೇರೆಯವರ ಪಾಲು. ಬಸ್ಸು ಕೈಕೊಟ್ಟಿದ್ದರಿಂದ ಮಾವ ಮೊಪೆಡ್ ತೆಗೆದ. ಇಂಗ್ಲಿಷ್ ಬಲ್ಲವನೆಂದು ನನ್ನನ್ನೂ ಹಿಂದೆ ಹತ್ತಿಸಿಕೊಂಡ. ನನ್ನ ಇಂಗ್ಲಿಷ್ ಹಗುರ, ಮೈ ಭಾರ.

ಅರ್ಧ ದಾರಿಯಲ್ಲಿ ಉಣ್ಣೆ ಸುಟ್ಟ ನಾತ ಬಂತು. ಗಾಡಿ ಕಿರುಚಿ ನಿಂತಿತು. ಪೆಡಲ್ ತುಳಿದರೆ ಅಲುಗಲಿಲ್ಲ. ಸುತ್ತ ಎರೆ ಹೊಲ, ಒಂದು ಗಾಡಿಯ ಸುಳಿವಿಲ್ಲ. ರತ್ನಳ ಕಣ್ಣು ತುಂಬಿತು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

“ಅಪ್ಪಾ, ಬ್ಯಾಸಿಗೀಲಿ ಕುರಿ ಉಣ್ಣೆ ಯಾಕೆ ಕತ್ತರಿಸ್ತೀಯ?”

“ಸೆಕೆಗೆ ಒದ್ದಾಡ್ತಾವೆ ಅಂತ.”

“ಇದಕ್ಕೆ ವರ್ಷೆಲ್ಲಾ ಬ್ಯಾಸಿಗಿ ಕಣಪ್ಪ. ಹೊಟ್ಟೇಲಿ ಬೆಂಕಿ ಐತೆ!”

ಮಾವ ಹುರಿ ಕಿತ್ತು ಕಂಬಳಿ ತುಂಡನ್ನು ಎಸೆದ. ಇಂಜಿನ್ನಿಗೆ ಸುರಿಯಲು ನಾನು ಪಕ್ಕದ ಹೊಂಡದ ನೀರು ತರಹೋದೆ.

“ಕಾದ ಹಂಚಿಗೆ ನೀರು ಹೊಯ್ದ್ರೆ ಒಡೆಯಲ್ವೇನಲೇ? ಸುಮ್ನೆ ನಿಂತ್ಕ!” ಎಂದು ಗದರಿದ.

ಆಮೇಲೆ ಹೆಗಲ ಕಂಬಳಿ ಬಿಚ್ಚಿ ಇಂಜಿನ್ನಿಗೆ ಗಾಳಿ ಬೀಸತೊಡಗಿದ. ರತ್ನ ಇನ್ನೊಂದು ತುದಿ ಹಿಡಿದಳು. “ಆರ್ಲಿ ತಾಯಿ. ಆರಿದ ಮ್ಯಾಲೆ ಹೋಗಾಣ,” ಎನ್ನುತ್ತಲೇ ಬೀಸಿದ. ನಾನು ಸುಮ್ಮನೆ ನಿಂತೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಬಿಸಿಲು ಏರಿತು. ಕೊನೆಗೆ ಪೆಡಲ್ ಕದಲಿತು. ಆ ಪುಟ್ಟ ಇಂಜಿನ್ ಕೆಮ್ಮಿ, ಸೀನಿ, ಏನೂ ಆಗದ ಹಾಗೆ ಗುಡುಗುಡು ಎಂದಿತು. ನನಗೆ ಅದಕ್ಕೆ ಕೈಮುಗಿಯಬೇಕೆನ್ನಿಸಿತು. ಮಧ್ಯಾಹ್ನ ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ತಲುಪಿದೆವು. ಸೀಟು ಉಳಿಯಿತು.

ಈಗ ರತ್ನ ಹಿರಿಯೂರಿನಲ್ಲೇ ನರ್ಸು. ಮಾವನೂ ಅವನ ಗಾಡಿಯೂ ಅವಳ ಮನೆಯಲ್ಲೇ. ಮೊನ್ನೆ ನಾನು ಹೋದಾಗ ಮಾವನ ಮೈ ಜ್ವರದಿಂದ ಸುಡುತ್ತಿತ್ತು. ಕರೆಂಟೂ ಇರಲಿಲ್ಲ. ಆದರೂ ಕಂಬಳಿಯನ್ನು ಗಂಟಲವರೆಗೆ ಎಳೆದುಕೊಂಡು ಹಠ ಹಿಡಿದಿದ್ದ. ರತ್ನ ಮಾತ್ರೆ ನುಂಗಿಸಿ, ಮೆಲ್ಲಗೆ ಕಂಬಳಿ ಬಿಡಿಸಿದಳು.

“ಚಳಿ ಕಣವ್ವ.”

“ಹೊಟ್ಟೇಲಿ ಬೆಂಕಿ ಐತಪ್ಪ. ಗಾಳಿ ಆಡ್ಲಿ,” ಎಂದು ಅದರಿಂದಲೇ ಬೀಸತೊಡಗಿದಳು.

ಮಾವ ಕಣ್ಣು ಮುಚ್ಚಿಕೊಂಡೇ ನಕ್ಕ. “ಆರಿದ ಮ್ಯಾಲೆ ಹೋಗಾಣೇನು?”

“ಹೋಗಾಣಪ್ಪ,” ಎಂದಳು, ಬೀಸುವುದನ್ನು ನಿಲ್ಲಿಸದೆ.

ಈ ಸಲ ನಾನು ಸುಮ್ಮನೆ ನಿಲ್ಲಲಿಲ್ಲ. ಕಂಬಳಿಯ ಇನ್ನೊಂದು ತುದಿ ಹಿಡಿದೆ.