ಜರ್ಮನಿಗೆಂದು ಕೂಡಿಟ್ಟ ಕುರಿಗಳು

ಸೆಪ್ಟೆಂಬರ್ ಒಂಬತ್ತು, ಬೆಳಿಗ್ಗೆ ಐದೂಮುಕ್ಕಾಲು. ತಮ್ಮನ ಹೊಲದ ಕುರಿಹಟ್ಟಿಯಲ್ಲಿ ಮೂವರಿದ್ದೆವು: ನಾನು, ತಮ್ಮ, ಅವನ ಮಗಳು.

ಅವಳು ಸಿಂದಗಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಜರ್ಮನಿಗೆ ಹೋಗಿ ಅಲ್ಲೇ ನೆಲೆಸಬೇಕೆಂದು ಐದು ವರ್ಷದಿಂದ ಕೂಡಿಡುತ್ತಿದ್ದಳು. ಬ್ಯಾಂಕಿನಲ್ಲಲ್ಲ, ಹಟ್ಟಿಯಲ್ಲಿ. ಪಗಾರದಲ್ಲಿ ಉಳಿದಾಗಲೆಲ್ಲ ಒಂದು ಹೆಣ್ಣುಮರಿ ಕೊಂಡು ಅಪ್ಪನ ಹಿಂಡಿಗೆ ಬಿಡುತ್ತಿದ್ದಳು; ಅದು ಬೆಳೆದು ಮರಿ ಹಾಕುತ್ತಿತ್ತು. ಅವಳ ಪಾಲಿನ ಮೂವತ್ತೆಂಟನ್ನು ಮರುದಿನ ದೇವರ ಹಿಪ್ಪರಗಿಯ ಸಂತೆಯಲ್ಲಿ ಮಾರಿ, ವಾರದೊಳಗೆ ಜರ್ಮನಿಗೆ ಕಳಿಸುವ ಏಜೆಂಟನಿಗೆ ಹಣ ಕಟ್ಟಬೇಕಿತ್ತು. ತಪ್ಪಿದರೆ ಅಲ್ಲಿನ ಆಸ್ಪತ್ರೆಯಲ್ಲಿ ಅವಳಿಗೆಂದು ಇಟ್ಟ ಜಾಗ ಬೇರೆಯವರಿಗೆ.

ನಾನು ಮೂವತ್ತನಾಲ್ಕು ವರ್ಷ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ಮಾರುವ ಮುನ್ನ ಒಂದೊಂದರ ಬಾಯಿ, ಕಣ್ಣು, ಗೊರಸು ನೋಡುವುದು ನನ್ನ ಪದ್ಧತಿ. ಆರನೆಯದರ ಮೂಗಿನಿಂದ ಲೋಳೆ ಸುರಿಯುತ್ತಿತ್ತು. ಬಾಯಿ ತೆರೆದೆ, ವಸಡಿನ ತುಂಬ ಹುಣ್ಣು. ಜ್ವರ ನೂರಾ ಐದು ದಾಟಿತ್ತು. ಇನ್ನೂ ನಾಲ್ಕು ಹಾಗೇ ಇದ್ದವು.

“ಹಿರೇಬ್ಯಾನಿ,” ಎಂದೆ. ಹಿಂಡಿಗೆ ಹಿಂಡೇ ಸಾಯುವ ಅಂಟುರೋಗ. “ನಾಳಿ ಗಾಡಿ ಬ್ಯಾಡಂತ ಹೇಳು.”

ತಮ್ಮ ನಗಲು ನೋಡಿದ. “ಅಣ್ಣಾ, ರಿಟೈರ್ ಆಗಿ ಹತ್ತು ವರ್ಷ ಆತು, ಇನ್ನೂ ಕುರಿ ಬಾಯಾಗ ಕೈ ಹಾಕೂದು ಬಿಡವಲ್ಲಿ! ಈ ಐದು ಇಲ್ಲೇ ಇರ್ಲಿ. ಉಳಿದಾವ ಛಲೋ ಅದಾವಲ್ಲ?”

“ಇವತ್ತ ಛಲೋ ಅದಾವ. ನಾಳಿ ಸಂತ್ಯಾಗ ಸೀನಿದ್ರ, ಕೊಂಡವರ ಹಟ್ಟಿ ಖಾಲಿ ಆಗ್ತಾವ.”

“ಮಂದಿ ಹಟ್ಟಿ ಚಿಂತಿ ಮಾಡ್ತಿ. ತಮ್ಮನ ಮಗಳದು ಮಾಡಂಗಿಲ್ಲ.”

ಮಳೆಗಾಲಕ್ಕೆ ಮೊದಲೇ ಲಸಿಕೆ ಹಾಕಿಸು ಎಂದು ಅವನಿಗೆ ಎರಡು ಸಲ ಹೇಳಿದ್ದೆ. ಸೂಜಿ ಚುಚ್ಚಿದರೆ ಕುರಿ ಸೊರಗುತ್ತವೆ, ತೂಕ ಇಳಿದರೆ ಮಗಳ ದುಡ್ಡು ಕಡಿಮೆಯಾಗುತ್ತದೆ ಎಂದು ಅವನು ಮುಂದೂಡಿದ್ದ. ಆ ಮಾತನ್ನು ಅಂದು ನಾನು ಎತ್ತಲಿಲ್ಲ.

ಮಗಳು ಕೇಳಿದಳು: “ದೊಡಪ್ಪಾರ, ಡಾಕ್ಟರಿಗೆ ಒಂದು ದಿನ ತಡದು ಹೇಳಿದ್ರ ಏನಾಗ್ತೈತ್ರಿ?”

“ನಿಮ್ಮ ವಾರ್ಡಿನ್ಯಾಗ ಅಂಟುರೋಗದವರು ಬಂದ್ರ, ಒಂದು ದಿನ ತಡದು ಬ್ಯಾರೆ ಇಡ್ತೀರೇನವಾ?”

ಅವಳು ಮುಖ ತಿರುಗಿಸಿದಳು. ತಾನೇ ಗಾಡಿಯವನಿಗೆ ಫೋನ್ ಹಚ್ಚಿ, “ಬರಬ್ಯಾಡ್ರಿ,” ಎಂದಳು. ಆಮೇಲೆ ನನ್ನತ್ತ ನೋಡಿ, “ಎಷ್ಟು ಉಳೀತಾವ? ಖರೇ ಹೇಳ್ರಿ,” ಎಂದಳು.

“ಅರ್ಧ ಉಳಿದ್ರ ಭಾಳ ಆತು. ಉಳಿದಾವನ್ನೂ ಲಗೂನ ಮಾರಾಕ ಬರಂಗಿಲ್ಲ.”

ತಮ್ಮ ಎದ್ದು ಹೋಗಿ ಬದುವಿನ ಮೇಲೆ ಕುಳಿತ.

ಹತ್ತು ಗಂಟೆಗೆ, ನಾನು ಕರೆಸಿದ ದನದ ಡಾಕ್ಟರು ಬಂದು ನನ್ನ ಮಾತನ್ನೇ ಹೇಳಿದರು. ರೋಗ ತಗುಲಿದವನ್ನು ಬೇರೆ ಕಟ್ಟಿದೆವು, ಔಷಧ ಕುಡಿಸಿದೆವು. ಸಂಜೆ ನಾಲ್ಕರ ಹೊತ್ತಿಗೆ ಐದರಲ್ಲಿ ಮೂರು ಸತ್ತವು. ಹೊಸದಾಗಿ ಒಂಬತ್ತಕ್ಕೆ ಜ್ವರ ಬಂದಿತ್ತು. ಅವಳು ಏಜೆಂಟನಿಗೂ ಫೋನ್ ಮಾಡಿದಳು. “ನನ್ನ ಜಾಗ ಬ್ಯಾರೇದವರಿಗೆ ಕೊಡ್ರಿ ಸರ್,” ಎಂದಷ್ಟೇ ಕೇಳಿಸಿತು. ಅಳಲಿಲ್ಲ. ಅಪ್ಪನ ಜೊತೆ ಸತ್ತ ಕುರಿಗಳ ಹಿಂಗಾಲು ಹಿಡಿದು, ಹೂಳಲೆಂದು ತೋಡಿದ ಗುಂಡಿಯವರೆಗೆ ಎಳೆದಳು. ನಾನು ಸುಣ್ಣ ಸುರಿದೆ, ತಮ್ಮ ಮಣ್ಣು ಎಳೆದ.

ಇಬ್ಬರೂ ನನ್ನನ್ನು ಕರೆಯದೆ ಮನೆಗೆ ನಡೆದರು. ನಾಯಿಗಳು ಕೆದರದಂತೆ ಗುಂಡಿಯ ಮೇಲೆ ಜಾಲಿಮುಳ್ಳು ಹರವಿ, ಮುಳ್ಳಿನ ಮೇಲೆ ಕಲ್ಲು ಹೇರಿದೆ. ಆಗ ಆರೂ ನಲವತ್ತು.